ನಲವತ್ತು ಬಿಸಿ ಬ್ಯಾಗು

ಆ ಅಂಗಡಿ ಮುಚ್ಚುತ್ತಿದೆ ಅಂತ ನನಗೆ ಹೇಳಿದ್ದು ನಮ್ಮ ಕ್ಲಿನಿಕ್ಕಿಗೆ ಕುತ್ತಿಗೆ ನೋವಿಗೆಂದು ಬರುತ್ತಿದ್ದ ಒಬ್ಬರು ಟೀಚರ್. "ಜಯನಗರದಲ್ಲಿ, ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೇಲಿ. ಎಲ್ಲಾ ಅರ್ಧ ಬೆಲೆಗೆ ಹಾಕಿದ್ದಾರೆ. ನೀವು ಇಂಥದ್ದೇ ಹುಡುಕ್ತಿರ್ತೀರಲ್ಲ" ಅಂದರು. ಜೆ.ಪಿ. ನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನಾನು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ಎರಡರ ಮೇಲೆ ನನ್ನದು ಇನ್ನೊಂದು ಕೆಲಸ. ಅಂಗಡಿಗಳು ಡಿಸ್ಕೌಂಟಿಗೆ ಹಾಕಿದ ಸಾಮಾನು ಕೊಂಡು ಆನ್‌ಲೈನ್‌ನಲ್ಲಿ ಮಾರುವುದು. ಶ್ರೀನಗರದ ನಮ್ಮ ಬಾಡಿಗೆ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಇರುವ ಕಪಾಟೇ ನನ್ನ ಗೋಡೌನು.

ಎರಡು ವರ್ಷದಲ್ಲಿ ಕೆಲಸದ ಒಂದು ಕ್ರಮ ಕೈಗೆ ಬಂದಿತ್ತು. ಅಂಗಡಿಯಲ್ಲಿ ನಿಂತೇ ಬಾರ್‌ಕೋಡ್ ಸ್ಕ್ಯಾನ್ ಮಾಡಿ ಅದೇ ಸಾಮಾನು ಬೇರೆ ಕಡೆ ಎಷ್ಟಕ್ಕೆ ಹೋಗುತ್ತಿದೆ ನೋಡುವುದು. ಡಬ್ಬ ಒಡೆದಿದೆಯಾ, ಸೀಲ್ ಇದೆಯಾ ನೋಡುವುದು. ಮನೆಗೆ ತಂದು ಟೆರೇಸಿನ ಮೇಲೆ ಬಿಳಿ ಪಂಚೆ ಹಾಸಿ, ಮಧ್ಯಾಹ್ನ ಮೂರರ ಬೆಳಕಲ್ಲಿ ಫೋಟೋ ತೆಗೆಯುವುದು. ಆ್ಯಪ್‌ನಲ್ಲಿ ಒಂದು ಸಲ, ಅಪಾರ್ಟ್‌ಮೆಂಟ್‌ಗಳ ಗ್ರೂಪಿನಲ್ಲಿ ಒಂದು ಸಲ ಹಾಕುವುದು. ಪಾರ್ಸೆಲ್ ಕಟ್ಟಿದ ಮೇಲೆ ವಿಳಾಸದ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳುವುದು. ಊಟದ ಡಬ್ಬಿ, ಸ್ಟೀಲ್ ಬಾಟಲಿ, ಬೆಡ್‌ಶೀಟು, ಪರದೆ, ಇವೇ ನನ್ನ ಸಾಮಾನು. ಮೂರು ಬೇಡಗಳನ್ನು ಇಟ್ಟುಕೊಂಡಿದ್ದೆ. ತಿನ್ನುವುದು ಬೇಡ, ಔಷಧಿ ಬೇಡ, ಕರೆಂಟಿಗೆ ಹಾಕುವುದು ಬೇಡ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ ಇದ್ದವು. ಒಳಗೆ ನಲವತ್ತು ಎಲೆಕ್ಟ್ರಿಕ್ ಬಿಸಿನೀರಿನ ಬ್ಯಾಗು. ಮೆತ್ತನೆಯ ಬಟ್ಟೆ ಹೊದಿಸಿದ, ಒಳಗೆ ನೀರು ತುಂಬಿ ಸೀಲ್ ಮಾಡಿದ ಬ್ಯಾಗು ಅದು. ವೈರ್ ಸಿಕ್ಕಿಸಿ ಎಂಟು ಹತ್ತು ನಿಮಿಷ ಬಿಟ್ಟರೆ ಬಿಸಿಯಾಗಿ ತಾನೇ ಆಫ್ ಆಗುತ್ತದೆ, ಕೆಂಪು ದೀಪ ಆರುತ್ತದೆ. ಆಮೇಲೆ ವೈರ್ ತೆಗೆದು ಸೊಂಟಕ್ಕೋ ಮಂಡಿಗೋ ಇಟ್ಟುಕೊಳ್ಳಬಹುದು. ನವೆಂಬರ್ ಕೊನೆ, ಆ ವರ್ಷ ಚಳಿ ಬೇಗ ಶುರುವಾಗಿತ್ತು. ಇದು ಹೇಗೆ ಹೋಗುತ್ತದೆ ಅಂತ ಕ್ಲಿನಿಕ್ಕಿನಲ್ಲಿ ಕೂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರನೇ ಬೇಡವನ್ನು ಪಕ್ಕಕ್ಕಿಟ್ಟೆ. ವಯಸ್ಸಾದ ಮಾಲೀಕರು, "ಎಲ್ಲಾ ತಗೊಂಡ್ರೆ ಇನ್ನೂ ಕಮ್ಮಿಗೆ ಕೊಡ್ತೀನಮ್ಮ" ಅಂದರು.

ಬಿಲ್ ಹಾಕುತ್ತಿದ್ದ ಸೇಲ್ಸ್ ಹುಡುಗಿ ಪೆಟ್ಟಿಗೆ ನೋಡಿ ಕೈ ನಿಲ್ಲಿಸಿದಳು.

"ಇದನ್ನ ತಗೊಂಡ್ರಾ ಅಕ್ಕ? ಎಲ್ಲಾನೂ?"

"ಹೂಂ. ಯಾಕೆ?"

ಅವಳು ಮಾಲೀಕರ ಕಡೆ ನೋಡಿದಳು. "ಏನಿಲ್ಲ" ಅಂದಳು.

ನಾನು ಇನ್ನೊಮ್ಮೆ ಕೇಳಬಹುದಿತ್ತು. ಹೊರಗೆ ಆಟೋ ನಿಲ್ಲಿಸಿದ್ದೆ, ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಅವಳ ಮುಖ ನನಗೆ ಕಾಣಿಸಿತ್ತು, ಆದರೂ ಪೆಟ್ಟಿಗೆ ಎತ್ತಿಕೊಂಡೆ.

ಮನೆಯಲ್ಲಿ ಮೂರು ಬ್ಯಾಗುಗಳನ್ನು ಪರೀಕ್ಷೆ ಮಾಡಿದೆ. ಮೂರೂ ಒಂಬತ್ತು ನಿಮಿಷದೊಳಗೆ ಆಫ್ ಆದವು. ಒಂದನ್ನು ನಾನೇ ಇಟ್ಟುಕೊಂಡೆ, ವಾರವಿಡೀ ಬೆನ್ನಿಗೆ ಹಾಕಿಕೊಂಡು ಮಲಗಿದೆ. ಆಮೇಲೆ ಮಾರಾಟಕ್ಕೆ ಇಟ್ಟೆ. ಬಿಟಿಎಂ ಲೇಔಟಿನ ಪಿಜಿ ಹುಡುಗಿಯರು, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ಆಂಟಿಯರು, ಬನಶಂಕರಿಯ ಒಬ್ಬ ರಿಟೈರ್ಡ್ ಮೇಷ್ಟ್ರು. ಜನವರಿ ಎರಡನೇ ವಾರದ ಹೊತ್ತಿಗೆ ಮೂವತ್ತಾರು ಹೋಗಿದ್ದವು. ನನ್ನದು ಬಿಟ್ಟರೆ ಕಪಾಟಿನಲ್ಲಿ ಮೂರು ಉಳಿದಿದ್ದವು.

ಆಗ ಬಿಟಿಎಂನ ಒಬ್ಬ ಹುಡುಗಿಯಿಂದ ಒಂದು ಫೋಟೋ ಬಂತು. ಬ್ಯಾಗು ಎಣ್ಣೆಯಲ್ಲಿ ಉಬ್ಬಿದ ಪೂರಿಯ ಹಾಗೆ ಊದಿಕೊಂಡಿತ್ತು. ಕೆಳಗೆ ಬರೆದಿದ್ದಳು, "ಅಕ್ಕ, ಲೈಟ್ ಆಫ್ ಆಗ್ಲೇ ಇಲ್ಲ. ನಾನು ಪ್ಲಗ್ ಕಿತ್ತೆ. ಇದು ನಾರ್ಮಲ್ಲಾ?"

"ಬಳಸಬೇಡ ಕಣಮ್ಮ, ದುಡ್ಡು ವಾಪಸ್ ಹಾಕ್ತೀನಿ" ಅಂತ ಉತ್ತರ ಹಾಕಿದೆ. ನಲವತ್ತರಲ್ಲಿ ಒಂದು ಪೀಸು ಹಾಳಿರುತ್ತದೆ ಅಂದುಕೊಂಡೆ. ಆದರೆ ಕ್ಲಿನಿಕ್ಕಿನಲ್ಲಿ ಕೂತಿದ್ದಷ್ಟು ಹೊತ್ತೂ ಆ ಫೋಟೋ ಕಣ್ಣಮುಂದೆ ಇತ್ತು. ಮನೆಗೆ ಬಂದವಳೇ ಉಳಿದ ಮೂರರಲ್ಲಿ ಒಂದನ್ನು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟೆ. ಎಕ್ಸ್‌ಟೆನ್ಷನ್ ವೈರ್ ಎಳೆದು, ಸ್ವಿಚ್ಚು ನನ್ನ ಕೈಗೆ ಸಿಗುವ ಹಾಗೆ ಬಾಗಿಲ ಒಳಗೆ ನಿಂತು, ಫೋನಿನಲ್ಲಿ ಗಡಿಯಾರ ಹಾಕಿದೆ. ಒಂಬತ್ತು ನಿಮಿಷ ಆಯಿತು, ದೀಪ ಉರಿಯುತ್ತಲೇ ಇತ್ತು. ಹನ್ನೊಂದಕ್ಕೆ ಬ್ಯಾಗು ಊದತೊಡಗಿತು. ಹದಿಮೂರಕ್ಕೆ ಒಳಗಿಂದ ಸಣ್ಣಗೆ ಕುದಿಯುವ ಸದ್ದು. ಸ್ವಿಚ್ ಆಫ್ ಮಾಡಿದೆ, ಆದರೆ ಅಷ್ಟರಲ್ಲೇ ಹೊಲಿಗೆ ಬಿಟ್ಟುಕೊಂಡು ನೀರು ಒಂದೇ ಏಟಿಗೆ ಕಲ್ಲಿನ ಮೇಲೆ ಸುರಿಯಿತು. ಹಬೆ ಬಾಗಿಲವರೆಗೂ ಬಂತು. ಕಲ್ಲಿನ ಪಕ್ಕದ ತುಳಸಿ ಪಾಟಿನ ಒಂದು ಕಡೆಯ ಎಲೆಗಳು ಎರಡು ನಿಮಿಷದಲ್ಲಿ ಜೋತುಬಿದ್ದವು.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಸಂಜೆ ಬಂದವರಿಗೆ ಒಡೆದ ಬ್ಯಾಗು ಕೊಟ್ಟೆ. ಬ್ಯಾಗಿನ ಮೂತಿಯಲ್ಲಿ, ವೈರ್ ಸಿಕ್ಕಿಸುವ ಕಡೆ, ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದನ್ನು ಬಿಚ್ಚಿ, ನಾಲ್ಕಾಣೆ ಬಿಲ್ಲೆಯಷ್ಟು ಗಾತ್ರದ ಒಂದು ಭಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ತೋರಿಸಿದರು.

"ಇದು ಕಟಾಫ್. ಬಿಸಿ ಜಾಸ್ತಿ ಆದ್ರೆ ಇದು ಬಾಗಿ ಕರೆಂಟ್ ತಪ್ಪಿಸ್ಬೇಕು. ಇದು ಅಂಟ್ಕೊಂಡ್ಬಿಟ್ಟಿದೆ. ಹತ್ತಿಪ್ಪತ್ತು ಸಲ ಹಾಕಿದ ಮೇಲೂ ಅಂಟ್ಕೋಬಹುದು, ಮೊದಲನೇ ಸಲಾನೂ ಅಂಟ್ಕೋಬಹುದು."

"ಹಾಗಾದ್ರೆ ಪರೀಕ್ಷೆ ಮಾಡಿ ಸರಿ ಇರೋದು ಯಾವ್ದು ಅಂತ ಹೇಳೋಕಾಗಲ್ವಾ ರೀ?"

"ಆಗಲ್ಲ. ಇಲ್ನೋಡು ಇನ್ನೊಂದು." ಪಕ್ಕದ ಒಂದು ಜಾಗ ತೋರಿಸಿದರು. "ಕಟಾಫ್ ಕೈಕೊಟ್ರೆ ಅಂತ ಇಲ್ಲಿ ಒಂದು ಫ್ಯೂಸ್ ಇರ್ಬೇಕು. ಫ್ಯೂಸ್ ಇಲ್ಲ. ಬರೀ ತಂತಿ ಬೆಸೆದವ್ರೆ."

ಉಳಿದೆರಡನ್ನೂ, ನಾನು ಬೆನ್ನಿಗೆ ಹಾಕಿಕೊಂಡು ಮಲಗಿದ್ದ ಬ್ಯಾಗನ್ನೂ ಬಿಚ್ಚಿದೆವು. ಎಲ್ಲದರಲ್ಲೂ ಅದೇ ತಂತಿ.

"ಎಲ್ರಿಗೂ ಒಂದು ಮೆಸೇಜ್ ಹಾಕ್ಬಿಡು, ಬಳಸ್ಬೇಡಿ ಅಂತ. ಅಷ್ಟು ಮಾಡಿದ್ರೆ ನಿನ್ನ ಕೆಲಸ ಆಯ್ತು" ಅಂದರು ಅವರು. ಮೆಸೇಜ್ ಹಾಕಿದೆ. ಮರುದಿನಕ್ಕೆ ಹನ್ನೊಂದು ಜನ ಓದಿದ್ದರು, ಉತ್ತರ ಕೊಟ್ಟವರು ನಾಲ್ಕು ಜನ.

ಆ ಮಧ್ಯಾಹ್ನ ಜಯನಗರಕ್ಕೆ ಹೋದೆ. ಅಂಗಡಿಯ ಷಟರ್ ಎಳೆದು ಬಾಡಿಗೆಗಿದೆ ಅಂತ ಬೋರ್ಡ್ ಹಾಕಿದ್ದರು. ಅದೇ ರಸ್ತೆಯ ಇನ್ನೊಂದು ಪಾತ್ರೆ ಅಂಗಡಿಯಲ್ಲಿ ಆ ಸೇಲ್ಸ್ ಹುಡುಗಿ ಸಿಕ್ಕಳು. ನನ್ನನ್ನು ನೋಡುತ್ತಲೇ ಗುರುತು ಹಿಡಿದಳು.

"ಏನಾಯ್ತಕ್ಕ? ಯಾರಿಗಾದ್ರೂ ಏನಾದ್ರೂ ಆಯ್ತಾ?"

ಅವಳು ಕೇಳಿದ ಮೊದಲ ಪ್ರಶ್ನೆಯೇ ಅದು.

"ನಿಂಗೆ ಗೊತ್ತಿತ್ತಾ?"

"ಹೋದ ವರ್ಷ ಒಬ್ರು ವಾಪಸ್ ತಂದಿದ್ರು, ಊದ್ಕೊಂಡಿತ್ತು. ಆಮೇಲೆ ಓನರ್ ಎಲ್ಲಾನೂ ಹಿಂದೆ ಇಡ್ಸಿದ್ರು. ನಾನು ಹೇಳೋಕೆ ಬಂದೆ ಅಕ್ಕ. ಓನರ್ ಎದುರಿಗಿದ್ರು. ನೀವು ಇನ್ನೊಂದ್ಸಲ ಕೇಳಿದ್ರೆ ಹೇಳಿರ್ತಿದ್ದೆ."

ಬಸ್ ಹತ್ತಲು ಮನಸ್ಸಾಗದೆ ಅಲ್ಲಿಂದ ನಡೆದುಕೊಂಡೇ ಬಂದೆ. ಸೌತ್ ಎಂಡ್ ದಾಟುವಾಗ ಒಂದು ವಿಷಯ ನಿಶ್ಚಯವಾಯಿತು. ಮೆಸೇಜು ಸಾಲದು. ಮೂವತ್ತಾರೂ ನನ್ನ ಕೈಗೆ ಬರಬೇಕು, ಇಲ್ಲವೇ ಅದರ ವೈರ್ ಕತ್ತರಿಸಿದ್ದು ನನ್ನ ಕಣ್ಣಿಗೆ ಕಾಣಬೇಕು.

ಕ್ಲಿನಿಕ್ಕಿನಲ್ಲಿ ರಜೆ ಕೇಳಲಿಲ್ಲ, ಎರಡರ ಮೇಲಿನ ಹೊತ್ತೆಲ್ಲ ಇದಕ್ಕೇ ಕೊಟ್ಟೆ. ಹೊಸ ಸಾಮಾನು ಕೊಳ್ಳುವುದನ್ನು ನಿಲ್ಲಿಸಿದೆ. ವಿಳಾಸದ ಚೀಟಿಗಳ ಫೋಟೋಗಳನ್ನೆಲ್ಲ ತೆಗೆದು ಬಡಾವಣೆ ಪ್ರಕಾರ ಪಟ್ಟಿ ಮಾಡಿದೆ. ಮೊದಲು ಫೋನು, ಫೋನಿಗೆ ಸಿಗದಿದ್ದರೆ ಮನೆ ಬಾಗಿಲು. ಒಡೆದ ಬ್ಯಾಗಿನ ಆ ಪ್ಲಾಸ್ಟಿಕ್ ಡಬ್ಬಿಯನ್ನು ಒಂದು ಟಿಫನ್ ಬಾಕ್ಸಿನಲ್ಲಿಟ್ಟುಕೊಂಡು ಓಡಾಡಿದೆ.

ಜನ ನಂಬಲಿಲ್ಲ. ಮಾರಿದವರೇ ವಾಪಸ್ ಕೊಡಿ ಅಂತ ದುಂಬಾಲು ಬಿದ್ದರೆ ಯಾರು ತಾನೇ ನಂಬುತ್ತಾರೆ? "ಈಗ ಒಟಿಪಿ ಕೇಳ್ತೀರಾ?" ಅಂತ ಒಬ್ಬರು ಫೋನ್ ಇಟ್ಟರು. ಅವರ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ನನ್ನನ್ನು ಮುಕ್ಕಾಲು ಗಂಟೆ ನಿಲ್ಲಿಸಿದ. ಬನಶಂಕರಿಯ ಮೇಷ್ಟ್ರು ತಮ್ಮ ಬ್ಯಾಗನ್ನು ಎದೆಗವಚಿಕೊಂಡು, "ನಂದು ಚೆನ್ನಾಗೇ ಇದೆಯಮ್ಮ. ಈ ಮಂಡಿಗೆ ಇದೊಂದೇ ಕೇಳೋದು" ಅಂದರು. ಅವರ ಊಟದ ಮೇಜಿನ ಮೇಲೆ ಟಿಫನ್ ಬಾಕ್ಸ್ ತೆರೆದು ಫ್ಯೂಸ್ ಇರಬೇಕಾದ ಜಾಗ ತೋರಿಸಿದೆ. ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವರು ಅವರು. ಕನ್ನಡಕ ಹಾಕಿಕೊಂಡು ನೋಡಿ, ಬ್ಯಾಗನ್ನು ನನ್ನ ಕೈಗಿಟ್ಟು, "ಇದನ್ನ ಮಾಡಿದವನಿಗೆ ಗೊತ್ತಿದ್ದೇ ಮಾಡಿದಾನೆ" ಅಂದರು. ಆ ಮಾತು ನನಗೂ ತಾಗಿತು. ಒಬ್ಬ ಪಿಜಿ ಹುಡುಗಿ ಬ್ಯಾಗನ್ನು ಕಡಪದಲ್ಲಿದ್ದ ಅಮ್ಮನಿಗೆ ಕಳಿಸಿದ್ದಳು. ಅವರು ಕುಡುಗೋಲಿನಲ್ಲಿ ವೈರ್ ಕತ್ತರಿಸಿದ್ದನ್ನು ವಿಡಿಯೋ ಮಾಡಿಸಿ ತರಿಸಿಕೊಂಡೆ.

ಹದಿನೇಳು ದಿನದಲ್ಲಿ ಮೂವತ್ತೈದು ಮುಗಿದವು. ಅವುಗಳಲ್ಲಿ ಇನ್ನೂ ಮೂರು ಒಮ್ಮೆಯಾದರೂ ಊದಿಕೊಂಡಿದ್ದವಂತೆ. ಯಾರಿಗೂ ಏನೂ ಆಗಿರಲಿಲ್ಲ.

ಉಳಿದದ್ದು ಒಂದು. ಅದಕ್ಕೆ ವಿಳಾಸವೂ ಇರಲಿಲ್ಲ, ಫೋನ್ ನಂಬರೂ ಇರಲಿಲ್ಲ. ಆ್ಯಪ್‌ನ ಚಾಟ್‌ನಲ್ಲೇ ಮಾತಾಡಿ, ಜೆ.ಪಿ. ನಗರದ ಮೆಟ್ರೊ ಗೇಟಿನ ಹತ್ತಿರ ಬೆಳಗ್ಗೆ ಏಳೂಮುಕ್ಕಾಲಿಗೆ ಕೈಯಾರೆ ಕೊಟ್ಟಿದ್ದೆ. ಈಗ ಆ ಚಾಟ್ ತೆಗೆದರೆ ಖಾತೆ ಇಲ್ಲ ಅಂತ ಬರುತ್ತಿತ್ತು. ಮೂವತ್ತರ ಆಸುಪಾಸಿನ ಮನುಷ್ಯ, ನಿದ್ದೆಗೆಟ್ಟ ಮುಖ. ಬ್ಯಾಗನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದರು:

"ಮೊನ್ನೆ ತಾನೆ ಆಸ್ಪತ್ರೆಯಿಂದ ಮನೆಗೆ ಬಂದ್ವಿ ಮೇಡಂ. ಪಾಪು ಹಾಸಿಗೆ ತಣ್ಣಗಿರುತ್ತೆ. ಇದನ್ನಿಟ್ಟು ಬೆಚ್ಚಗೆ ಮಾಡ್ಬಹುದಾ?"

"ಆರಾಮಾಗಿ ಮಾಡ್ಬಹುದು ಸಾರ್. ಒಂದು ಟವೆಲ್ ಸುತ್ತಿ ಅಷ್ಟೇ" ಅಂದಿದ್ದೆ.

ಆ "ಆರಾಮಾಗಿ" ಅನ್ನುವ ಮಾತು ನನ್ನನ್ನು ಹಿಡಿದುಕೊಂಡಿತು. ಅಕ್ಕಿ ತೊಳೆಯುವಾಗ, ಅಪಾಯಿಂಟ್‌ಮೆಂಟ್ ಬರೆಯುವಾಗ ನನ್ನದೇ ದನಿಯಲ್ಲಿ ಕೇಳುತ್ತಿತ್ತು. ಕುಕ್ಕರಿನ ಹಬೆ ಸುಯ್ಯೆಂದರೆ ಒಲೆ ಆರಿಸಿ ನಿಂತುಬಿಡುತ್ತಿದ್ದೆ. ಬಸ್ಸಿನಲ್ಲಿ ಯಾರದೋ ಹೆಗಲ ಮೇಲೆ ಟವೆಲ್ ಸುತ್ತಿದ ಮಗು ಕಂಡರೆ ಮುಂದಿನ ಸ್ಟಾಪಿಗೇ ಇಳಿಯುತ್ತಿದ್ದೆ.

ಮೂರು ವಾರ ಕ್ಲಿನಿಕ್ಕಿಗೆ ಮುಂಚೆ ಅದೇ ಮೆಟ್ರೊ ಗೇಟಿನ ಹತ್ತಿರ ನಿಂತೆ. ನೂರಾರು ಜನ ಹತ್ತಿ ಇಳಿಯುತ್ತಿದ್ದರು, ಅವರು ಮಾತ್ರ ಬರಲಿಲ್ಲ. ಅದೇ ಫೋಟೋ ಹಾಕಿ, "ಇದನ್ನು ಕೊಂಡಿದ್ದರೆ ಬಳಸಬೇಡಿ, ನನಗೆ ಫೋನ್ ಮಾಡಿ" ಅಂತ ಆ್ಯಪ್‌ನಲ್ಲಿ ದಿನಾ ಹಾಕಿದೆ. ಒಂದು ಹೆರಿಗೆ ಆಸ್ಪತ್ರೆಗೆ ಹೋಗಿ ಹೀಗೆ ಹೀಗೆ ಅಂತ ಹೇಳಿಕೊಂಡೆ. ಕೌಂಟರಿನ ನರ್ಸ್ ಪೂರ್ತಿ ಕೇಳಿಸಿಕೊಂಡು, "ಹೆಸರು, ಫೋನ್ ನಂಬರ್ ಯಾವುದೂ ಕೊಡೋ ಹಾಗಿಲ್ಲಮ್ಮ" ಅಂದರು. ನಾನೂ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವವಳು, ಅವರು ಹೇಳಿದ್ದು ಸರಿ ಅಂತ ಗೊತ್ತಿತ್ತು. ಹೊರಡುವಾಗ ಅವರೇ ಕರೆದರು. "ಒಂದು ಕೆಲಸ ಮಾಡಿ. ಆರು ವಾರಕ್ಕೆ ಎಲ್ಲಾ ಮಕ್ಕಳಿಗೂ ಲಸಿಕೆ ಹಾಕಿಸ್ಲೇಬೇಕು. ಲಸಿಕೆ ರೂಮಿನ ಗೋಡೆಗೆ ಒಂದು ಪೇಪರ್ ಅಂಟಿಸಿ ಹೋಗಿ."

ಬ್ಯಾಗಿನ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ತೆಲುಗು. ಜೆ.ಪಿ. ನಗರ, ಜಯನಗರ, ಬನಶಂಕರಿಯ ಇಪ್ಪತ್ತೆರಡು ಕಡೆ ಅಂಟಿಸಿದೆ. ಮಕ್ಕಳ ಡಾಕ್ಟರ ಕ್ಲಿನಿಕ್ಕು, ಆರೋಗ್ಯ ಕೇಂದ್ರ, ಮೆಡಿಕಲ್ ಸ್ಟೋರು. ಬೇಡ ಅಂದವರು ಇಬ್ಬರೇ.

ಫೆಬ್ರವರಿಯ ಒಂದು ಗುರುವಾರ ಹನ್ನೊಂದರ ಹೊತ್ತಿಗೆ ಫೋನ್ ಬಂತು.

"ಆ ಪೇಪರ್ ಹಾಕಿರೋದು ನೀವೇನಾ?"

ಎರಡೇ ಮಾತು ಕೇಳಿದ್ದ ದನಿ, ಆದರೂ ಗೊತ್ತಾಯಿತು. "ಹೌದು ಸಾರ್. ಪಾಪು ಹೇಗಿದೆ?"

"ಮನೆಗೆ ಬನ್ನಿ" ಅಂತ ವಿಳಾಸ ಹೇಳಿದರು.

"ಪೊಲೀಸು ಗಿಲೀಸು ಅಂದ್ರೆ? ನಾನೂ ಬರ್ತೀನಿ ಇರು" ಅಂದರು ನನ್ನ ಗಂಡ, ಫೋನಿನಲ್ಲಿ. ಬೇಡ ಅಂದೆ. ಮಾರುವಾಗ ಒಬ್ಬಳೇ ಇದ್ದೆ.

ನೆಲಮಹಡಿಯ ಮನೆ. ವರಾಂಡದ ಹಗ್ಗದಲ್ಲಿ ಪುಟ್ಟ ಪುಟ್ಟ ಬಟ್ಟೆಗಳು ಒಣಗುತ್ತಿದ್ದವು. ಅವನ್ನು ನೋಡಿದ ಮೇಲೆ ಬೆಲ್ ಒತ್ತಿದೆ. ಬಾಗಿಲು ತೆಗೆದವರು ಅವರೇ. ಒಳಗೆ ದಿವಾನದ ಮೇಲೆ ಅರವತ್ತು ದಾಟಿದ ಅವರ ತಾಯಿ ಕೂತಿದ್ದರು. ಬಲಗೈಗೆ ಮೊಣಕೈಯಿಂದ ಬೆರಳವರೆಗೆ ಬ್ಯಾಂಡೇಜು. ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು, ಅಲ್ಲಿಂದ ಮಗುವಿನ ಸಣ್ಣ ಸದ್ದು ಕೇಳಿಸುತ್ತಿತ್ತು.

ಏನಾಯಿತೆಂದು ಅವರು ನಿಂತುಕೊಂಡೇ ಹೇಳಿದರು. ತಾಯಿ ಬ್ಯಾಗನ್ನು ಹಾಸಿಗೆಯ ಮೇಲಿಟ್ಟು ಪ್ಲಗ್ ಹಾಕಿದ್ದರು. ಪಕ್ಕದಲ್ಲೇ ಮಗು ಮಲಗಿತ್ತು. ಮಗುವನ್ನು ಎತ್ತಿ ಸೊಸೆಯ ಕೈಗೆ ಕೊಟ್ಟು, ತಿರುಗಿ ಬಂದು ಬ್ಯಾಗು ಎತ್ತಲು ಹೋದಾಗ ಒಡೆಯಿತು.

"ಒಂದು ನಿಮಿಷ ಮುಂಚೆ ಆಗಿದ್ರೆ ಪಾಪು ಅಲ್ಲೇ ಇತ್ತು. ಅಮ್ಮ ಮರೆತು ಜಾಸ್ತಿ ಹೊತ್ತು ಬಿಟ್ಟಿದಾರೆ ಅಂದ್ಕೊಂಡ್ವಿ. ಅವತ್ತಿಂದ ನನ್ನ ಹೆಂಡ್ತಿ ಪಾಪೂನ ಅಮ್ಮನ ಕೈಗೆ ಕೊಡ್ತಿಲ್ಲ."

ತಾಯಿ ನೆಲ ನೋಡುತ್ತಾ ಹೇಳಿದರು. "ಕೆಂಪು ದೀಪ ಆರಲೇ ಇಲ್ಲ ಕಣಮ್ಮ. ನಾನು ನೋಡ್ತಾನೇ ಇದ್ದೆ. ಹಾಗಂತ ಇವ್ರಿಗೂ ಹೇಳ್ದೆ. ಆಮೇಲಾಮೇಲೆ ನಂಗೇ ಅನುಮಾನ ಬಂತು, ವಯಸ್ಸಾಯ್ತಲ್ಲ, ಸರಿಯಾಗಿ ನೋಡಿದ್ನೋ ಇಲ್ವೋ ಅಂತ."

ನಾನು ಟಿಫನ್ ಬಾಕ್ಸ್ ತೆಗೆದೆ. ಅಂಟಿಕೊಂಡ ಕಟಾಫ್ ತೋರಿಸಿದೆ, ಫ್ಯೂಸಿನ ಜಾಗದ ತಂತಿ ತೋರಿಸಿದೆ. ಮೂವತ್ತೈದು ಜನರಿಗೆ ಹೇಳಿದ್ದ ಮಾತೇ, ಆದರೆ ಇಲ್ಲಿ ತಡವರಿಸಿತು. "ದೀಪ ಆರಿರಲ್ಲಮ್ಮ. ನೀವು ಸರಿಯಾಗೇ ನೋಡಿದ್ರಿ."

ಮಗ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಆ ತಂತಿಯನ್ನು ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೆ ತಲೆಯೆತ್ತಿ ಕೇಳಿದರು, "ಮಾರುವಾಗ ನಿಮಗೆ ಗೊತ್ತಿತ್ತಾ ಮೇಡಂ?"

ಇಲ್ಲ ಅಂದಿದ್ದರೆ ನಂಬುತ್ತಿದ್ದರು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

"ಅಂಗಡಿ ಹುಡುಗಿ ಏನೋ ಹೇಳೋಕೆ ಬಂದ್ಲು. ಏನೋ ಇದೆ ಅಂತ ಅನ್ನಿಸ್ತು ಸಾರ್. ನಾನು ಕೇಳ್ಲಿಲ್ಲ."

ಅವರು ಕಿಟಕಿಯ ಕಡೆ ತಿರುಗಿದರು. "ನೀವು ಹೋಗಿ" ಅಂದರು.

ನಾನು ಎದ್ದೆ. ತಾಯಿ ಎಡಗೈಯಲ್ಲಿ ನನ್ನ ಸೆರಗು ಹಿಡಿದುಕೊಂಡರು. "ಇರಮ್ಮ. ಆ ದೀಪದ್ದು ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು. ಗಟ್ಟಿಯಾಗಿ ಹೇಳು." ಅವರ ಕಣ್ಣು ಅರ್ಧ ಮುಚ್ಚಿದ ಬಾಗಿಲ ಮೇಲಿತ್ತು.

ಹೇಳಿದೆ. ದೀಪ ಆರಲಿಲ್ಲ, ಅಮ್ಮನವರದ್ದು ಏನೂ ತಪ್ಪಿಲ್ಲ, ಅವರು ಎತ್ತಿದ್ದಕ್ಕೇ ಮಗು ಉಳೀತು.

ಬಾಗಿಲು ಸರಿಯಿತು. ಸೊಸೆ ಮಗುವನ್ನು ಎತ್ತಿಕೊಂಡು ಬಂದಳು. ಅತ್ತೆಯ ಮುಂದೆ ನಿಂತು ಮಗುವನ್ನು ಮುಂದಕ್ಕೆ ಚಾಚಿದಳು.

ಮುದುಕಿ ಎರಡೂ ಕೈಯನ್ನು ಮಡಿಲಿಗೆ ಎಳೆದುಕೊಂಡರು. "ಬೇಡಮ್ಮ. ನಿನ್ನ ಹತ್ರಾನೇ ಇರ್ಲಿ. ನಂಗೆ ಭಯ ಆಗುತ್ತೆ."

ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ.

ಎರಡು ದಿನದ ಮೇಲೆ ನಮ್ಮ ಕ್ಲಿನಿಕ್ಕಿನ ಡಾಕ್ಟರ್ ಹತ್ತಿರ ಎಲ್ಲ ಹೇಳಿದೆ. ಸುಟ್ಟ ಚರ್ಮ ಕೂಡಿಕೊಳ್ಳುವಾಗ ಬೆರಳು ಬಿಗಿದುಕೊಳ್ಳುತ್ತದೆ, ಬೇಗ ವ್ಯಾಯಾಮ ಶುರುಮಾಡಬೇಕು ಅಂದರು ಅವರು. ಕ್ಲಿನಿಕ್ಕಿಗೆ ಕರೆತನ್ನಿ ಅಂತ ನಾನು ಫೋನ್ ಮಾಡಿದಾಗ ಮಗ ಮೊದಲು ಬೇಡ ಅಂದರು. ಮತ್ತೊಂದು ವಾರಕ್ಕೆ ಅವರೇ ತಾಯಿಯನ್ನು ಸ್ಕೂಟರಿನಲ್ಲಿ ಕರೆತಂದರು. ನನ್ನ ಕಡೆ ನೋಡಲಿಲ್ಲ, ಕೌಂಟರಿನಲ್ಲಿ ಹೆಸರು ಮಾತ್ರ ಬರೆಸಿದರು. ಇವತ್ತಿಗೂ ಅವರು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾರೆ. ಅದರಲ್ಲಿ ನನಗೆ ತಕರಾರಿಲ್ಲ.

ಬ್ಯಾಗಿನ ಬಗ್ಗೆ ಗ್ರಾಹಕರ ದೂರಿನ ಕಚೇರಿಗೆ ಬರೆದುಕೊಟ್ಟಿದ್ದೇನೆ, ಡಬ್ಬದ ಮೇಲಿದ್ದ ವಿಳಾಸದಲ್ಲಿ ಅಂಥ ಕಂಪನಿಯೇ ಇಲ್ಲ ಅಂತ ಉತ್ತರ ಬಂದಿದೆ. ಆನ್‌ಲೈನ್ ಮಾರಾಟ ಪೂರ್ತಿ ಬಿಟ್ಟಿಲ್ಲ. ಬೆಡ್‌ಶೀಟು, ಪರದೆ ಅಷ್ಟೇ. ಕೊಳ್ಳುವಾಗ ಅಂಗಡಿಯಲ್ಲಿ ಕೆಲಸ ಮಾಡುವವರನ್ನು ಪಕ್ಕಕ್ಕೆ ಕರೆದು ಕೇಳುತ್ತೇನೆ, ಎರಡೆರಡು ಸಲ. ಕೆಲವರಿಗೆ ರೇಗುತ್ತದೆ.

ತಾಯಿ ವಾರಕ್ಕೆರಡು ಸಲ ಬರುತ್ತಿದ್ದರು. ಮೆತ್ತನೆಯ ಚೆಂಡು ಹಿಂಡುವುದು, ಮೇಜಿನ ಮೇಲೆ ಬೆರಳು ಅಗಲಿಸಿ ಇಡುವುದು. ಬೇಸಿಗೆ ಮುಗಿಯುವಷ್ಟರಲ್ಲಿ ಮುಷ್ಟಿ ಪೂರ್ತಿ ಮುಚ್ಚುತ್ತಿತ್ತು. ಕೊಡಪಾನ ಎತ್ತುತ್ತೇನೆ ಅಂದರು, ಚಪಾತಿ ಲಟ್ಟಿಸುತ್ತೇನೆ ಅಂದರು. ಹೊರಡುವಾಗ ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ, ಅವರು ಒಂದೇ ಉತ್ತರ ಕೊಡುತ್ತಿದ್ದರು.

"ಎತ್ಕೊಂಡ್ರಾ ಅಮ್ಮ?"

"ಇಲ್ಲಮ್ಮ. ಪಕ್ಕದಲ್ಲಿ ಕೂತಿರ್ತೀನಿ."

ಸೊಸೆ ಎಷ್ಟೋ ಸಲ ಚಾಚಿದ್ದಳಂತೆ. ಇವರ ಕೈ ಏಳುತ್ತಿರಲಿಲ್ಲ. ಡಾಕ್ಟರ್ ಪರೀಕ್ಷೆ ಮಾಡಿ, ಕೈಯಲ್ಲಿ ಇನ್ನೇನೂ ತೊಂದರೆಯಿಲ್ಲ ಅಂದುಬಿಟ್ಟರು. ಆಮೇಲೂ ಅವರು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು.

ಆಗಸ್ಟ್ ಕೊನೆಯ ಒಂದು ಬೆಳಗ್ಗೆ ಬಂದರು. ಬೆಂಚು ತುಂಬಿತ್ತು. ಕೌಂಟರಿನ ಮುಂದೆ ನಿಂತರು, ಏನೋ ತಪ್ಪು ಮಾಡಿ ಬಂದವರ ಹಾಗೆ ಮೆಲ್ಲಗೆ ಶುರುಮಾಡಿದರು.

"ನಿನ್ನೆ ಗೋಡೆಗೆ ಒರಗಿ ಕೂತಿದ್ದೆ ಕಣಮ್ಮ. ಪಾಪು ಈಗ ಅಂಬೆಗಾಲಿಡುತ್ತೆ. ಸೊಸೆ ಅಡುಗೆಮನೇಲಿದ್ಲು. ಅದು ಸೀದಾ ನನ್ನ ಹತ್ರಾನೇ ಬಂತು. ಸೀರೆ ಹಿಡ್ಕೊಂಡು ಕಾಲ ಮೇಲೆ ಹತ್ತಿ ಕೂತ್ಕೊಂಡ್ಬಿಡ್ತು."

"ನೀವೇನು ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ. ಕೈ ಎರಡೂ ನೆಲದ ಮೇಲೆ ಊರ್ಕೊಂಡೇ ಇದ್ದೆ. ಮುಟ್ಲೇ ಇಲ್ಲ." ಸೀರೆಯ ಮೇಲೆ ಮಗು ಕೂತಿದ್ದ ಜಾಗವನ್ನು ಅಂಗೈಯಿಂದ ಸವರಿದರು. "ಸೊಸೆ ಬಂದು ನೋಡಿದ್ಲು. ಕಾಲು ಜೋಮು ಹಿಡೀತು. ಅದು ನಿದ್ದೆ ಹೋಗೋವರ್ಗೂ ಅವಳೂ ಎತ್ಕೊಳ್ಲಿಲ್ಲ."